ಎಪ್ಪತ್ತಮೂರನೆಯ ಗೆರೆ

ಹಲ್ಲುಜ್ಜುತ್ತಿದ್ದಾಗ ಅವಳಿಗೆ ಒಂದು ಪದ ಸಿಗಲಿಲ್ಲ. ಬಚ್ಚಲುಮನೆಯ ಬಾಗಿಲ ಹಿಂದೆ ಟವೆಲು ನೇತುಹಾಕಲು ಹೊಡೆದದ್ದು, ಮೇಲಕ್ಕೆ ಬಾಗಿದ್ದು, ಅದರ ತುದಿಗೆ ತುಕ್ಕು ಹಿಡಿದು ಎರಡು ಟವೆಲುಗಳ ಮೇಲೆ ಕಲೆಯಾಗಿತ್ತು; ಅದನ್ನು ಬದಲಾಯಿಸಬೇಕೆಂದು ಹೋದ ತಿಂಗಳೇ ಅಂದುಕೊಂಡಿದ್ದಳು. ಅದರ ಬಗ್ಗೆ ಇಷ್ಟೆಲ್ಲ ಗೊತ್ತಿದ್ದೂ ಹೆಸರು ಮಾತ್ರ ಬರಲಿಲ್ಲ. ಬಾಯಲ್ಲಿ ನೊರೆ ಇಟ್ಟುಕೊಂಡೇ ಎಣಿಸತೊಡಗಿದಳು. ಹನ್ನೊಂದು ಎಣಿಸುವಷ್ಟರಲ್ಲಿ ಬಂತು: ಕೊಕ್ಕೆ. ಹನ್ನೊಂದು ಸೆಕೆಂಡು. ಐವತ್ತಾರನೆಯ ವಯಸ್ಸಿಗೆ ಅದು ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಎಂದು ಅವಳಷ್ಟು ಖಚಿತವಾಗಿ ಹೇಳಬಲ್ಲವರು ಆ ಊರಿನಲ್ಲಿ ಮತ್ತೊಬ್ಬರಿರಲಿಲ್ಲ. ಅಂಥ ಸೆಕೆಂಡುಗಳ ಕೋಷ್ಟಕಗಳನ್ನು ಅವಳೇ ಅಚ್ಚುಹಾಕಿಸಿದ್ದಳು. ಆದರೂ ಮನಸ್ಸಿನಲ್ಲೇ ಕೊಕ್ಕೆ, ಕೊಕ್ಕೆ ಎಂದು ಮತ್ತೆರಡು ಸಲ ಹೇಳಿಕೊಂಡಳು. ಸೇತುವೆಗಳು ಎಷ್ಟು ಭಾರ ತಾಳುತ್ತವೆ ಎಂದು ಲೆಕ್ಕ ಹಾಕುವ ಕೆಲಸದಲ್ಲಿದ್ದ ಗಂಡ ಹೊರಗಿನಿಂದ, "ಏನು, ಇವತ್ತು ಒಳಗೇ ವಾಸವಾ? ನನಗೂ ಆಫೀಸಿದೆ" ಎಂದ. ಅವಳು ಬಾಯಿ ಮುಕ್ಕಳಿಸಿ ಬಾಗಿಲು ತೆಗೆದಳು. "ಪರೀಕ್ಷೆ ಮಾಡ್ಕೊಳ್ತಿದ್ದೆ" ಎಂದಳು. "ಪಾಸಾ?" ಎಂದು ಕೇಳಿದ, ಉತ್ತರಕ್ಕೆ ಕಾಯದೆ ಒಳಗೆ ಹೋದ. ಸೇತುವೆ ಬೀಳುವುದಕ್ಕೂ ಮುಂಚೆ ಎಷ್ಟೋ ವರ್ಷ ಅದರೊಳಗೆ ಬಿರುಕು ಇದ್ದೇ ಇರುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ ಅಷ್ಟೆ ಎಂದು ಅವನು ಮದುವೆಯಾದ ಹೊಸತರಲ್ಲಿ ಹೇಳಿದ್ದ. ಹಾಗಿದ್ದರೆ ಬಿರುಕು ಕಂಡವನು ಏನು ಮಾಡಬೇಕು ಎಂದು ಅವಳು ಕೇಳಿದ್ದಳು. ಬರೆದು ಮೇಲಿನವರಿಗೆ ಕಳಿಸಬೇಕು, ಇನ್ನೇನು ಎಂದಿದ್ದ.

ಮಿದುಳು ಸಕ್ಕರೆಯನ್ನು ಹೇಗೆ ಉರಿಸುತ್ತದೆ ಎಂಬುದನ್ನು ಅವಳು ಇಪ್ಪತ್ತೊಂಬತ್ತು ವರ್ಷಗಳಿಂದ ನೋಡುತ್ತಿದ್ದಳು. ಮೈಯ ತೂಕದಲ್ಲಿ ನೂರಕ್ಕೆ ಎರಡು ಪಾಲಿರುವ ಈ ಮುದ್ದೆ ಮೈಗೆ ಬಂದ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ತಾನೇ ನುಂಗುತ್ತದೆ, ನಿದ್ದೆಯಲ್ಲೂ ಬಿಡುವುದಿಲ್ಲ. ವಿಕಿರಣ ಸೂಸುವಂತೆ ಗುರುತು ಹಚ್ಚಿದ ಸಕ್ಕರೆಯನ್ನು ರಕ್ತಕ್ಕೆ ಸೇರಿಸಿದರೆ, ಮಿದುಳಿನ ಯಾವ ಭಾಗ ಎಷ್ಟು ತಿಂದಿತು ಎಂಬುದು ಯಂತ್ರದಲ್ಲಿ ಕಾಣುತ್ತದೆ. ಚೆನ್ನಾಗಿ ತಿಂದದ್ದು ಹಳದಿ, ತಿನ್ನದೆ ಬಿಟ್ಟದ್ದು ನೀಲಿ. ಮರೆವಿನ ರೋಗ ಬಂದವರ ಮಿದುಳಿನ ಹಿಂಭಾಗ ನೀಲಿಯಾಗಿರುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರಿದ್ದದ್ದು ಮೊದಲು ಯಾವುದು ಎಂಬುದರಲ್ಲಿ. ಮಿದುಳಿನಲ್ಲಿ ಪ್ರೋಟೀನಿನ ಗಂಟುಗಳು ಸೇರಿಕೊಂಡು ಜೀವಕೋಶಗಳನ್ನು ಕೊಲ್ಲುತ್ತವೆ, ಸತ್ತ ಕೋಶ ತಿನ್ನುವುದಿಲ್ಲ, ಅದಕ್ಕೇ ನೀಲಿ ಎಂದು ಬಹುಮಂದಿ ಹೇಳಿದರು. ಅಲ್ಲ, ಗಂಟು ಕಾಣಿಸುವುದಕ್ಕೆ ಎಷ್ಟೋ ವರ್ಷ ಮೊದಲೇ ಕೋಶಗಳು ಸಕ್ಕರೆಯನ್ನು ಬಳಸಿಕೊಳ್ಳಲಾರದೆ ಹಸಿದಿರುತ್ತವೆ, ಹಸಿವು ಮೊದಲು, ಗಂಟು ಆಮೇಲೆ ಎಂದು ಅವಳು ಹೇಳಿದಳು. ಆ ಒಂದು ವಾಕ್ಯ ಹೇಳುವುದಕ್ಕೆ ತಲೆಕೂದಲು ಹಣ್ಣಾಗಿತ್ತು. ಐವತ್ತು ದಾಟಿದ, ಯಾವ ತೊಂದರೆಯೂ ಇಲ್ಲದ ಇನ್ನೂರ ಹನ್ನೆರಡು ಜನರನ್ನು ಹಿಡಿದು, ಎರಡು ವರ್ಷಕ್ಕೊಮ್ಮೆ ಅವರ ಮಿದುಳಿನ ಹಸಿವನ್ನೂ ಗಂಟುಗಳನ್ನೂ ಬೇರೆ ಬೇರೆಯಾಗಿ ಅಳೆಯುತ್ತ ಬಂದಿದ್ದಳು. ಹತ್ತು ವರ್ಷದ ಆ ಅಳತೆಗಳೆಲ್ಲ ಸೇರಿ ಈಗ ಒಂದು ಪ್ರಬಂಧವಾಗಿದ್ದವು. ಪ್ರಬಂಧವನ್ನು ಪರಿಶೀಲಿಸಿದ ಹೆಸರಿಲ್ಲದ ವಿದ್ವಾಂಸ ಎಲ್ಲವನ್ನೂ ಒಪ್ಪಿ ಒಂದೇ ಒಂದನ್ನು ಕೇಳಿದ್ದ: ಸರಾಸರಿಗಳು ಸರಿ, ಒಬ್ಬನೇ ಮನುಷ್ಯನಲ್ಲಿ ಮೊದಲು ಇದು ಆಮೇಲೆ ಅದು ಎಂದು ಕಣ್ಣಿಗೆ ಕಾಣುವಂಥ ಒಂದು ಚಿತ್ರ ಕೊಡಿ. ಕೊಡಲು ಇವತ್ತು ಸಂಜೆಯವರೆಗೆ ಸಮಯವಿತ್ತು. ಚಿತ್ರ ಸಿದ್ಧವಾಗಿತ್ತು. ಅಂಥದ್ದೊಂದು ಇನ್ನೂರ ಹನ್ನೆರಡರಲ್ಲಿ ಒಂದೇ ಒಂದಿತ್ತು, ಎಪ್ಪತ್ತಮೂರನೆಯ ನಂಬರಿನದು. ಸಕ್ಕರೆ ತಿನ್ನುವುದರ ಗೆರೆ ನಿಧಾನವಾಗಿ ಇಳಿಯುತ್ತಿತ್ತು, ಅದರ ಕೆಳಗೆ ಗಂಟುಗಳ ಗೆರೆ ಏನೂ ಆಗಿಲ್ಲವೆಂಬಂತೆ ನೆಲಕ್ಕಂಟಿ ಮಲಗಿ, ಕೊನೆಯಲ್ಲಿ ಮಾತ್ರ ಚೂರು ತಲೆ ಎತ್ತಿತ್ತು. ನೋಡಿದರೆ ಪುಸ್ತಕಕ್ಕೆಂದೇ ಬರೆಸಿದ ಹಾಗಿತ್ತು. ಅವಳು ಆಫೀಸಿನಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಅದನ್ನು ತೆರೆದಳು, ಅಡಿಬರಹದಲ್ಲಿ ಒಂದು ಅಲ್ಪವಿರಾಮ ತೆಗೆದಳು, ಮತ್ತೆ ಹಾಕಿದಳು, ಮುಚ್ಚಿದಳು. ಬೆಳಗಿನಿಂದ ಇದು ನಾಲ್ಕನೆಯ ಸಲ.

ಇಪ್ಪತ್ತೇಳು ವರ್ಷಗಳ ಹಿಂದೆ, ಇದೇ ಕಟ್ಟಡದ ಕೆಳಗಿನ ಸಭಾಂಗಣದಲ್ಲಿ, ಅವಳು ಈ ಮಾತನ್ನು ಮೊದಲ ಸಲ ನಾಲ್ಕು ಜನರ ಮುಂದೆ ಆಡಿದ್ದಳು. ಹೊಸ ಚಪ್ಪಲಿ ಕಚ್ಚುತ್ತಿತ್ತು. ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದವರು ಅವಳ ಗುರುಗಳು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು, ನಿರ್ದೇಶಕರಾದ ಮೇಲೂ ಆ ಹೆಸರು ಹೋಗಲಿಲ್ಲ. ಗಂಟುಗಳ ಪಕ್ಷಕ್ಕೆ ಅವರೇ ಹಿರಿಯರು. ಅವಳು ಮುಗಿಸಿದಾಗ ಮೇಷ್ಟ್ರು ಎದ್ದು ನಿಲ್ಲದೆ, ಹಿಂದೆ ತಿರುಗಿ ಸಭೆಯನ್ನೇ ನೋಡುತ್ತ, "ಸತ್ತವರ ಮನೆಯಲ್ಲಿ ಸಕ್ಕರೆ ಖರ್ಚಾಗಲ್ಲಮ್ಮಾ. ಹಾಗಂತ ಸಕ್ಕರೆ ಇಲ್ಲದೇ ಸತ್ತುಹೋದರು ಅಂತ ಯಾರಾದರೂ ಹೇಳ್ತಾರಾ?" ಎಂದಿದ್ದರು. ಸಭೆ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು. ಆಮೇಲೆ ಎಷ್ಟು ವರ್ಷ ಕಳೆದರೂ ಅವಳನ್ನು ಕೊರೆದದ್ದು ಅವರ ಮಾತಲ್ಲ, ತಾನೂ ನಕ್ಕದ್ದು. ಹಲ್ಲು ಬಿಟ್ಟು, ತಲೆ ಆಡಿಸಿ, ಕೈಯಲ್ಲಿದ್ದ ಹಾಳೆಗಳನ್ನು ಒಂದಕ್ಕೊಂದು ತಟ್ಟಿ ಸರಿಮಾಡುತ್ತ ನಕ್ಕಿದ್ದಳು. ಮಾರನೆಯ ದಿನದಿಂದ ಅವಳು ಕಾರಿಡಾರಿನಲ್ಲಿ ಸಕ್ಕರೆಯಾದಳು. ಆಮೇಲೆ ಕೆಲಸ ಸಿಕ್ಕಿದ ಮೇಲೆ ಸಕ್ಕರೆ ಮೇಡಂ. ಹಾಗಂತ ಮೇಷ್ಟ್ರು ಅವಳಿಗೆ ಅನ್ಯಾಯ ಮಾಡಿದ್ದರು ಎಂದೂ ಹೇಳುವಂತಿರಲಿಲ್ಲ. ಅವಳ ಮಹಾಪ್ರಬಂಧದ ಮೇಲೆ 'ತೀರ್ಮಾನ ತಪ್ಪು, ಕೆಲಸ ಚೊಕ್ಕ' ಎಂದು ಬರೆದು ಸಹಿ ಹಾಕಿದವರು ಅವರೇ. ಕೆಲಸಕ್ಕೆ ಶಿಫಾರಸು ಮಾಡಿದವರೂ ಅವರೇ. ದ್ವೇಷಿಸುವುದಕ್ಕೆ ಬೇಕಾದಷ್ಟು ಜಾಗವನ್ನೂ ಅವರು ಬಿಟ್ಟುಕೊಟ್ಟಿರಲಿಲ್ಲ. ನಿವೃತ್ತರಾದ ವಾರ ಅವಳ ಕೋಣೆಗೆ ಬಂದು, ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ನೆಲಕ್ಕಿಳಿಸಿ ಕೂತು, "ನಿನ್ನ ಅಂಗಡಿಗೆ ತಲೆಗಳು ಬೇಕಂತಲ್ಲ, ನಂದೂ ಒಂದು ಹಾಕ್ಕೋ. ಖಾಲಿ ಬಿದ್ದಿದೆ" ಎಂದಿದ್ದರು.

ಅಳತೆಗೆ ಬಂದವರ ಹೆಸರುಗಳೆಲ್ಲ ನರ್ಸಿನ ಬೀರುವಿನಲ್ಲಿ, ಅವಳ ಕೈಗೆ ಬರುವುದು ನಂಬರು ಮಾತ್ರ. ಯಾರಿಗೂ ಅವರವರ ಫಲಿತಾಂಶ ಹೇಳಕೂಡದು ಎಂಬುದು ಇನ್ನೊಂದು ನಿಯಮ; ಔಷಧ ಇಲ್ಲದ ರೋಗವನ್ನು ಮೊದಲೇ ಹೇಳಿ ಏನು ಉಪಕಾರ? ಆ ನಿಯಮದ ಮರೆಯಲ್ಲಿ ಅವಳು ನೆಮ್ಮದಿಯಾಗಿದ್ದಳು, ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನದವರೆಗೆ. ಅವತ್ತು ಊಟ ಮುಗಿಸಿ ಬಂದು ಎಪ್ಪತ್ತಮೂರನ್ನು ತೆರೆದಾಗ ಎಡಗಿವಿಯ ಮೇಲಿನ ಜಾಗದಲ್ಲಿ ಬಟಾಣಿ ಕಾಳಿನಷ್ಟು ಒಂದು ಕಪ್ಪು ಚುಕ್ಕೆ ಕಂಡಿತು. ಹುಟ್ಟಿನಿಂದಲೇ ಕೆಲವರಿಗಿರುವ, ನೀರು ತುಂಬಿದ, ನಿರುಪದ್ರವಿಯಾದ ಗುಳಿ. ಮೊದಲ ಮೂರು ಸಲ ಯಾಕೆ ಕಣ್ಣಿಗೆ ಬಿದ್ದಿರಲಿಲ್ಲವೋ, ಆಗೆಲ್ಲ ಅವಳ ಕಣ್ಣು ಬರೀ ಅಂಕಿಗಳ ಮೇಲಿತ್ತೋ ಏನೋ. ಆ ಗುಳಿ ಅವಳಿಗೆ ಗೊತ್ತಿತ್ತು. ಮೇಷ್ಟ್ರು ಪಾಠ ಮಾಡುವಾಗ ತಮ್ಮದೇ ಮಿದುಳಿನ ಚಿತ್ರ ಹಾಕಿ, "ಬೇರೆಯವರದ್ದು ಕೇಳಿದರೆ ಕೊಡಲ್ಲ, ಅದಕ್ಕೆ ನಂದೇ ತಂದಿದ್ದೀನಿ. ಇಲ್ಲೊಂದು ಬಾವಿ ಇದೆ ನೋಡಿ, ನನಗೆ ಗೊತ್ತಿಲ್ಲದ್ದನ್ನೆಲ್ಲ ಇದರೊಳಗೆ ಹಾಕ್ತೀನಿ" ಎನ್ನುತ್ತಿದ್ದರು. ಬಾವಿಯ ಹಿಂದೆ, ಹಳದಿ ಇರಬೇಕಾದಲ್ಲಿ ಹಸಿರು, ಹಸಿರಿನೊಳಗೆ ನೀಲಿ. ಗಂಟಿನ ಚಿತ್ರ ತೆಗೆದು ನೋಡಿದಳು. ಒಂದೂ ಇರಲಿಲ್ಲ. ಆಗ ಅವಳಿಗಾದದ್ದನ್ನು ದುಃಖ ಎಂದು ಕರೆಯಲು ಆಮೇಲೆ ಎಷ್ಟೋ ಸಲ ಪ್ರಯತ್ನಪಟ್ಟಿದ್ದಾಳೆ, ಆಗಿಲ್ಲ. ಅದು ಸಂತೋಷ. ಹೊಟ್ಟೆಯಿಂದ ಮೇಲಕ್ಕೆದ್ದು ಕಿವಿ ಬಿಸಿಯಾಗುವಂಥ ಸಂತೋಷ. ಎದ್ದು ಹೋಗಿ ಮುಖ ತೊಳೆದಳು. ಕನ್ನಡಿಯಲ್ಲಿ ಒದ್ದೆ ಮುಖದ ಹೆಂಗಸೊಬ್ಬಳು ನಗುತ್ತಿದ್ದಳು, ಅವಳಿಗೆ ತಾನು ನಗುತ್ತಿರುವುದು ಗೊತ್ತಿರಲಿಲ್ಲ. ಆ ಮೇಲಿನ ಎರಡು ವರ್ಷ ಅವಳು ಮುಂದಿನ ಚಿತ್ರಕ್ಕಾಗಿ ಕಾದಳು. ನಡುವೆ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ ಮೇಷ್ಟ್ರು ಸಿಕ್ಕು, "ಮಗಳು ಏನು ಓದ್ತಿದ್ದಾಳೆ?" ಎಂದು ಕೇಳಿದರು, ಕಾಫಿ ಮುಗಿಯುವಷ್ಟರಲ್ಲಿ ಮತ್ತೆ, "ಮಗಳು ಏನು ಓದ್ತಿದ್ದಾಳೆ?" ಎಂದರು. ಎರಡು ಸಲವೂ ಅವಳು ಒಂದೇ ದನಿಯಲ್ಲಿ ಉತ್ತರಿಸಿದಳು, ಮನಸ್ಸಿನಲ್ಲಿ ತಾರೀಕು ಬರೆದುಕೊಂಡಳು. ಇಳಿಯಲಿ ಎಂದು ತಾನು ಬಯಸಿದ್ದೆನೋ ಇಲ್ಲವೋ? ಆ ಪದವನ್ನು ಬಾಯಿಬಿಟ್ಟು ಅಂದಿರಲಿಲ್ಲ. ಐದನೆಯ ಚಿತ್ರ ಬಂದು, ಗೆರೆ ಇನ್ನೂ ಇಳಿದು, ಗಂಟಿನ ಮೊದಲ ಸುಳಿವು ಕಂಡಾಗ, "ಬಂತು" ಎಂದು ಮಾತ್ರ ಗಟ್ಟಿಯಾಗಿ ಅಂದಿದ್ದಳು.

ಫೋನು ಹೊಡೆದುಕೊಂಡಿತು. ಸ್ಕ್ಯಾನ್ ವಿಭಾಗದ ಟೆಕ್ನಿಷಿಯನ್, ಚುರುಕಿನ ಹೆಂಗಸು, ಯಾವುದಕ್ಕೂ ಅಷ್ಟು ಸುಲಭವಾಗಿ ಕರೆ ಮಾಡುವವಳಲ್ಲ. "ಮೇಡಂ, ಇಲ್ಲೊಬ್ಬರು ಹಿರಿಯರಿಗೆ ಇಂಜೆಕ್ಷನ್ ಕೊಟ್ಟಿದ್ದೀನಿ. ಕತ್ತಲೆ ಕೋಣೆಯಲ್ಲಿ ನಲವತ್ತು ನಿಮಿಷ ಸುಮ್ನೆ ಮಲಗಿ ಅಂದ್ರೆ ಕೇಳ್ತಿಲ್ಲ. ಸಕ್ಕರೆ ಕರೀರಿ, ಸಕ್ಕರೆ ಕರೀರಿ ಅಂತಾರೆ. ಶುಗರ್ ಇಳಿದುಹೋಯ್ತೇನೋ ಅಂತ ನಾನು ಗಾಬರಿಯಾಗಿ ಬೆರಳು ಚುಚ್ಚಿ ನೋಡ್ದೆ. ಆಮೇಲೆ ಅವರ ಹೆಂಡತಿ ಹೇಳಿದ್ರು, ಸಕ್ಕರೆ ಅಂದ್ರೆ ನೀವಂತೆ." ಆಕೆ ನಗು ತಡೆಯುತ್ತಿದ್ದುದು ಕೇಳಿಸಿತು. "ಬರ್ತೀನಿ" ಎಂದಳು. ಹತ್ತು ವರ್ಷದಲ್ಲಿ ಒಮ್ಮೆಯೂ ಅವಳು ಅಲ್ಲಿಗೆ ಇಳಿದು ಹೋಗಿರಲಿಲ್ಲ. ನಂಬರುಗಳಿಗೆ ಮುಖ ಬರಬಾರದೆಂದು ತಾನೇ ಹಾಕಿಕೊಂಡ ಕಟ್ಟು. ಮೆಟ್ಟಿಲಿಳಿಯುವಾಗ ಅದನ್ನೇ ನೆನಪಿಸಿಕೊಂಡು, ನನಗೆ ಈ ಮುಖ ಮೊದಲೇ ಗೊತ್ತಲ್ಲ, ಹಾಗಾಗಿ ಕಟ್ಟು ಮುರಿದ ಹಾಗಾಗುವುದಿಲ್ಲ ಎಂದು ಲಾಯರಿನ ಹಾಗೆ ವಾದ ಹೂಡಿಕೊಂಡಳು.

ಕೋಣೆಯಲ್ಲಿ ಒಂದು ಒರಗು ಕುರ್ಚಿ, ಒಂದು ಕಂಬಳಿ, ಬಾಗಿಲ ಸಂದಿಯ ಬೆಳಕು. ಗುರುತಿನ ಸಕ್ಕರೆ ಮಿದುಳಿಗೆ ಇಳಿಯುವ ಹೊತ್ತು ಇದು. ಈ ಹೊತ್ತಿನಲ್ಲಿ ಮಾತಾಡಿದರೆ ಮಾತಿನ ಜಾಗ ಹೆಚ್ಚು ತಿಂದು ಅಳತೆ ಕೆಡುತ್ತದೆ. 'ದಯವಿಟ್ಟು ಮಾತಾಡಿಸಬೇಡಿ' ಎಂದು ಹೊರಗೆ ಅಂಟಿಸಿದ ಕಾಗದದ ಕೆಳಗೆ ಅವಳದೇ ಸಹಿ ಇತ್ತು. ಮೇಷ್ಟ್ರು ಕಂಬಳಿಯನ್ನು ಮೊಣಕಾಲಿಗೆ ಎಳೆದುಕೊಂಡು ನೆಟ್ಟಗೆ ಕೂತಿದ್ದರು. ಕೈಯಲ್ಲಿ ಸೂಜಿ ಚುಚ್ಚಿದ ಜಾಗದ ಮೇಲೆ ಹತ್ತಿ, ಹತ್ತಿಯ ಮೇಲೆ ಪಟ್ಟಿ. ತೆಳ್ಳಗಾಗಿದ್ದರು, ಆದರೆ ಕತ್ತಲೆಯಲ್ಲೂ ಗಡ್ಡ ನುಣ್ಣಗೆ ಬೋಳಿಸಿದ್ದು ಗೊತ್ತಾಗುತ್ತಿತ್ತು. "ಬಾ" ಎಂದರು. "ನಲವತ್ತು ನಿಮಿಷ ಏನೂ ಯೋಚನೆ ಮಾಡಬೇಡಿ ಅಂತಾಳೆ ಆ ತಾಯಿ. ಎಪ್ಪತ್ತಾರು ವರ್ಷಕ್ಕೆ ನನಗೆ ಹಾಗೆ ಹೇಳಿದವಳು ಇವಳೊಬ್ಬಳೇ."

"ಸರ್, ಮಾತಾಡಬಾರದು. ಅಳತೆ ಕೆಡುತ್ತೆ."

"ಕೆಡ್ಲಿ ಬಿಡು. ಕೆಡಲಿ ಅಂತಾನೇ ನಿನ್ನ ಕರೆಸಿದ್ದು. ಮನೆಗೆ ಬಾ ಅಂದ್ರೆ ಬರಲ್ಲ. ಫೋನ್ ಮಾಡೋಣ ಅಂದ್ರೆ, ಕೈಗೆತ್ತಿಕೊಂಡ ಮೇಲೆ ಯಾರಿಗೆ ಮಾಡ್ತಿದ್ದೆ ಅನ್ನೋದು..." ಕೈಯನ್ನು ಗಾಳಿಯಲ್ಲಿ ಬಿಟ್ಟರು. ಆಮೇಲೆ ಬೇರೆ ಯಾರದೋ ರೋಗಲಕ್ಷಣ ವಿವರಿಸುವವರ ಹಾಗೆ ಹೇಳಿದರು: "ಮೊನ್ನೆ ನಮ್ಮ ಬೀದಿ ತಿರುವಿನಲ್ಲಿ ನಿಂತೆ. ಎಡಕ್ಕೋ, ಬಲಕ್ಕೋ. ನಲವತ್ತು ವರ್ಷ ತಿರುಗಿದ ತಿರುವು ಕಣಮ್ಮ. ಕೊನೆಗೆ ಕಾಲಿಗೇ ಬಿಟ್ಟುಬಿಟ್ಟೆ. ಕಾಲು ಸರಿಯಾಗಿ ಮನೆಗೆ ಕರ್ಕೊಂಡು ಹೋಯ್ತು. ಅಂದ್ರೆ ಎಲ್ಲಿ ಕೆಟ್ಟಿದೆ, ಎಲ್ಲಿ ಇನ್ನೂ ಕೆಟ್ಟಿಲ್ಲ ಅಂತ ನಿನಗೆ ನಾನು ಹೇಳಬೇಕಾಗಿಲ್ಲ."

ಹೊರಗೆ ಯಾರೋ ಗಾಲಿ ಮಂಚ ತಳ್ಳಿಕೊಂಡು ಹೋದರು, ಒಂದು ಗಾಲಿ ಕಿರುಗುಟ್ಟುತ್ತಿತ್ತು.

"ನನ್ನ ಗೆರೆ ಇಳೀತಿದೆ, ಅಲ್ವಾ?"

"ಸರ್, ನನಗೆ ನಂಬರು ಮಾತ್ರ ಕಾಣೋದು. ಯಾರದು ಯಾವುದು ಅಂತ ಗೊತ್ತಾಗಲ್ಲ. ಗೊತ್ತಾದ್ರೂ ಹೇಳೋ ಹಾಗಿಲ್ಲ, ನಿಯಮ ಇದೆ."

"ಆ ನಿಯಮ ಬರೆದವನು ನಾನು" ಎಂದರು. ಅದು ನಿಜವಾಗಿತ್ತು, ಆಗ ನೈತಿಕ ಸಮಿತಿಗೆ ಅವರೇ ಅಧ್ಯಕ್ಷರು. "ಔಷಧ ಇಲ್ಲ, ಅದಕ್ಕೆ ಹೇಳಬಾರದು ಅಂತ ಬರೆದೆ. ಔಷಧ ಕೊಡೋದು ಒಂದೇ ಕೆಲಸ ಅಂದ್ಕೊಂಡಿದ್ದೆ, ಆಗ ಬುದ್ಧಿ ಚೆನ್ನಾಗಿತ್ತು ನೋಡು. ಇರಲಿ. ನಂಬರು ಮಾತ್ರ ಕಾಣುತ್ತೆ ಅಂದೆಯಲ್ಲ. ಬಾವಿ?"

ಅವಳು ಬಾಗಿಲ ಸಂದಿಯ ಬೆಳಕಿನ ಕಡೆ ನೋಡಿದಳು.

"ನನ್ನ ಬಾವಿ ನಿನಗೆ ಕಾಣ್ಲಿಲ್ವಾ? ಹದಿನಾರು ವರ್ಷ ಅದನ್ನೇ ತೋರಿಸಿ ಪಾಠ ಮಾಡಿದ್ದೀನಿ. ಕಾಣದೇ ಇದ್ದರೆ ನೀನು ನನ್ನ ಶಿಷ್ಯೆಯೇ ಅಲ್ಲ."

ಇಲ್ಲ ಎನ್ನಬಹುದಿತ್ತು. ಇಲ್ಲ ಎಂದರೆ ದಡ್ಡಿಯಾಗುತ್ತಿದ್ದಳು, ಹೌದು ಎಂದರೆ ಇನ್ನೇನೋ. ಈ ವಯಸ್ಸಿನಲ್ಲೂ ಇವರೆದುರು ದಡ್ಡಿಯಾಗಲಾರೆ ಎಂಬ ಒಂದೇ ಕಾರಣಕ್ಕೆ ತಾನು ನಿಜ ಹೇಳುತ್ತಿದ್ದೇನೆ ಎಂಬುದು ಹೇಳುವಾಗಲೇ ಅವಳಿಗೆ ಹೊಳೆಯಿತು. "ಕಾಣ್ತು" ಎಂದಳು. "ನಾಲ್ಕು ವರ್ಷದ ಹಿಂದೆ."

ಮೇಷ್ಟ್ರು ಕಣ್ಣು ಮುಚ್ಚಿದರು. ಈಗ ಬೈಯುತ್ತಾರೆ ಎಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕಣ್ಣು ಮುಚ್ಚಿಕೊಂಡೇ, "ಆಗ ಗಂಟು?" ಎಂದರು.

"ಇರಲಿಲ್ಲ."

"ಒಂದೂ?"

"ಒಂದೂ ಇರಲಿಲ್ಲ ಸರ್. ಎರಡು ವರ್ಷದ ಹಿಂದೆ ಶುರುವಾಗಿದೆ. ಸ್ವಲ್ಪವೇ."

"ಅಳತೆ ಸರಿ ಮಾಡ್ಕೊಂಡಿದ್ದೀಯಾ? ವಯಸ್ಸಿಗೆ ಮಿದುಳು ಕುಗ್ಗುತ್ತಲ್ಲ, ಅದನ್ನ ಕಳೆದಿದ್ದೀಯಾ?"

"ಕಳೆದಿದ್ದೀನಿ."

"ಚೊಕ್ಕ" ಎಂದರು. ಆ ಪದಕ್ಕೆ ಅವಳ ಎದೆಯಲ್ಲಿ ಅದೇ ಹಳೆಯ ವಿದ್ಯಾರ್ಥಿನಿ ಅರಳಿಬಿಟ್ಟಳು, ನಾಚಿಕೆ ಇಲ್ಲದವಳು. "ಪ್ರಬಂಧ ಬರೀತಿರ್ತೀಯಲ್ಲ, ಅದರಲ್ಲಿ ನನ್ನ ಚಿತ್ರ ಹಾಕು. ಹಾಕದೇ ಬಿಟ್ಟೀಯೆ, ನನ್ನ ಮೇಲಿನ ಕನಿಕರಕ್ಕೆ. ಆದ್ರೆ ಅಡಿಬರಹದಲ್ಲಿ ಸಾಬೀತು ಗೀಬೀತು ಅಂತ ಬರೀಬೇಡ. ಒಂದು ತಲೆಯಿಂದ ಏನೂ ಸಾಬೀತಾಗಲ್ಲ." ಆಮೇಲೆ ಕಣ್ಣು ತೆರೆದು, ನಿಜವಾದ ಕುತೂಹಲದಿಂದ ಕೇಳಿದರು: "ಅದಿರಲಿ, ನಿನಗೆ ಸಕ್ಕರೆ ಅಂತ ಹೆಸರಿಟ್ಟವರು ಯಾರು? ಚೆನ್ನಾಗಿದೆ ಹೆಸರು. ನಾನೂ ಹಾಗೇ ಕರೀತಿದ್ದೀನಿ, ಎಲ್ಲಿಂದ ಬಂತು ಅಂತ ನೆನಪಾಗ್ತಿಲ್ಲ."

ಅವಳು ಅವರ ಮುಖವನ್ನು ಹುಡುಕಿದಳು. ತಮಾಷೆ ಇರಲಿಲ್ಲ. ಇಪ್ಪತ್ತೇಳು ವರ್ಷ ತಾನು ಕಂಕುಳಲ್ಲಿಟ್ಟುಕೊಂಡು ತಿರುಗಿದ ಆ ಮಧ್ಯಾಹ್ನ ಈ ಮನುಷ್ಯನಲ್ಲಿ ಎಲ್ಲೂ ಇರಲಿಲ್ಲ. ಇದು ರೋಗದ ಮರೆವೋ, ಅಥವಾ ಹೊಡೆದವರಿಗೆಲ್ಲ ಸಹಜವಾಗಿ ಬರುವ ಮರೆವೋ? ಅದನ್ನು ಅಳೆಯುವುದಕ್ಕೆ ಅವಳ ಬಳಿ ಯಂತ್ರವಿರಲಿಲ್ಲ. ಮಾರನೆಯ ದಿನವೇ ಮರೆತಿದ್ದಿರಬಹುದು. "ಯಾರೋ ಹುಡುಗರು ಇಟ್ಟಿದ್ದು ಸರ್" ಎಂದಳು.

"ಹ್ಞೂಂ. ಒಂದು ಕೆಲಸ ಮಾಡು. ಹೊರಗೆ ನಮ್ಮವಳು ಕೂತಿದ್ದಾಳೆ. ಅವಳಿಗೆ ನೀನೇ ಹೇಳು. ನಾನು ಹೇಳಿದ್ರೆ, ಮರೆತದ್ದಕ್ಕೆ ಹೊಸ ಸಬೂಬು ಹುಡುಕಿದ್ದೀರಿ ಅಂತಾಳೆ."

ಬಾಗಿಲು ತೆರೆದು ಟೆಕ್ನಿಷಿಯನ್ ತಲೆ ಹಾಕಿದಳು. ಇಬ್ಬರನ್ನೂ ನೋಡಿದಳು. "ಮೇಡಂ, ಮಾತಾಡಿಸಬೇಡಿ ಅಂತ ನೀವೇ ಅಂಟಿಸಿದ್ದೀರಿ." ದನಿಯಲ್ಲಿ ಬೇಸರವಿತ್ತು, ಬೆಳಗ್ಗೆ ಐದಕ್ಕೆ ಬಂದು ಇಂಜೆಕ್ಷನ್ ಸಿದ್ಧಮಾಡಿದವಳ ಬೇಸರ. "ಇದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಕೆಟ್ಟಿದೆ ಅಂತ ಬರೀಲಾ?" ಅವಳು, "ಬರೀರಿ, ನನ್ನಿಂದ ಕೆಟ್ಟಿದೆ ಅಂತಾನೇ ಬರೀರಿ" ಎಂದಳು. ಮೇಷ್ಟ್ರು ಕಂಬಳಿ ಸರಿಸಿ ಎದ್ದರು. "ಕೆಟ್ಟರೂ ತೆಗೀರಿ. ಬಂದಿದ್ದೀನಿ, ಚುಚ್ಚಿಸಿಕೊಂಡೂ ಆಗಿದೆ" ಎಂದು ಟೆಕ್ನಿಷಿಯನ್ ಹಿಂದೆ ಯಂತ್ರದ ಕೋಣೆಗೆ ನಡೆದರು. ಬಾಗಿಲ ಹತ್ತಿರ ಒಂದು ಕ್ಷಣ ನಿಂತರು, ಎಡವೋ ಬಲವೋ ಎಂದು. ಟೆಕ್ನಿಷಿಯನ್ ಅವರ ಮೊಣಕೈ ಹಿಡಿದುಕೊಂಡಳು.

ಮೇಷ್ಟ್ರ ಹೆಂಡತಿ ಕಾಯುವ ಕೋಣೆಯ ಮೂಲೆಯ ಕುರ್ಚಿಯಲ್ಲಿ ಗಂಡನ ಕನ್ನಡಕವನ್ನು ಸೆರಗಿನಿಂದ ಒರೆಸುತ್ತಿದ್ದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಸಾಲುಗಳನ್ನು ಜೋಡಿಸಿಕೊಟ್ಟವರು. ಅರ್ಧ ಊರಿನ ನಂಬರು ಇನ್ನೂ ಬಾಯಲ್ಲಿತ್ತು. ಓದುವ ಕಾಲದಲ್ಲಿ ಅವಳು ಅವರ ಮನೆಗೆ ಹೋಗಿದ್ದಾಗೆಲ್ಲ ಅಮ್ಮ ಎಂದೇ ಕರೆದಿದ್ದಳು. ಅವರು ಪಕ್ಕದ ಕುರ್ಚಿಯ ಮೇಲಿನ ಚೀಲ ತೆಗೆದು ನೆಲಕ್ಕಿಟ್ಟರು. "ಕೂತ್ಕೋ. ಒಳಗೆ ಗಲಾಟೆ ಮಾಡ್ತಿದ್ದಾರಾ? ನಿನಗೆ ಕೆಲಸ ಬಿಡಿಸಿಬಿಟ್ರು."

"ಇಲ್ಲಮ್ಮ. ನಿಮಗೆ ಒಂದು ವಿಷಯ ಹೇಳಬೇಕು."

ಹೇಳಿದಳು. ವರ್ಷಗಳಿಂದ ರೋಗಿಗಳ ಕಡೆಯವರಿಗೆ ಹೇಗೆ ಹೇಳಬೇಕೆಂದು ಬೇರೆಯವರಿಗೆ ತರಬೇತಿ ಕೊಟ್ಟಿದ್ದಳು: ಸಣ್ಣ ವಾಕ್ಯ, ನಡುವೆ ಬಿಡುವು, ಕಣ್ಣು ತಪ್ಪಿಸಬಾರದು. ಎಲ್ಲವನ್ನೂ ಪಾಲಿಸಿದಳು. ಇದು ವಯಸ್ಸಿನ ಮರೆವಲ್ಲ, ರೋಗ, ಬೇಕೆಂದು ಮಾಡುವುದಲ್ಲ, ನಿಧಾನವಾಗಿ ಹೆಚ್ಚುತ್ತದೆ. ಮೇಷ್ಟ್ರ ಹೆಂಡತಿ ಅಳಲಿಲ್ಲ. ಕನ್ನಡಕವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರು, ತೆರೆದು ಸರಿಯಾಗಿದೆಯೋ ನೋಡಿದರು, ಮುಚ್ಚಿದರು.

"ನನ್ನ ಅಕ್ಕ ತೀರಿಕೊಂಡಳು ಕಣಮ್ಮ, ಎರಡೂವರೆ ವರ್ಷ ಆಯ್ತು" ಎಂದರು. "ಇವರೂ ಮಣ್ಣಿಗೆ ಬಂದಿದ್ರು, ನನ್ನ ಪಕ್ಕದಲ್ಲೇ ನಿಂತಿದ್ರು. ಆಗಿ ಹನ್ನೊಂದು ದಿನಕ್ಕೆ, ಮನೆ ತುಂಬ ಜನ ಕೂತಿದ್ದಾರೆ, ಎಲ್ಲರೆದುರು ಕೇಳಿದ್ರು, 'ಎಲ್ಲಿ, ನಿಮ್ಮಕ್ಕ ಇವತ್ತು ಬರಲೇ ಇಲ್ವಲ್ಲ' ಅಂತ. ಇಷ್ಟು ತಾತ್ಸಾರವಾ ನನ್ನ ಕಡೆಯವರು ಅಂದ್ರೆ ಅಂತ ನನಗೆ ಮೈ ಉರಿದುಹೋಯ್ತು. ಒಂದು ತಿಂಗಳು ಮಾತು ಬಿಟ್ಟೆ. ಒಂದೇ ಮನೆಯಲ್ಲಿ, ಒಂದು ತಿಂಗಳು. ಇವರು ದಿನಾ ಹಿಂದೆ ಹಿಂದೆ ಬಂದು ಕೇಳೋರು, ಯಾಕೆ ಮಾತಾಡ್ತಿಲ್ಲ, ನಾನೇನು ಮಾಡ್ದೆ ಅಂತ. ಏನು ನಾಟಕ ಅಂತ ಅಂದ್ಕೊಂಡೆ." ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸುತ್ತ, "ಒಲೆ ಆರಿಸಲ್ಲ, ಬೀಗ ಹಾಕಲ್ಲ, ಕರೆದರೆ ಯಾರೋ ಕರೆದ ಹಾಗೆ ನೋಡ್ತಾರೆ. ಬೈದಿದ್ದೇ ಬೈದಿದ್ದು. ಎಷ್ಟು ಬೈದಿದ್ದೀನಿ ಅಂತೀಯಾ. ಈಗಲ್ವಾ ಗೊತ್ತಾಗಿದ್ದು ನಿನಗೂ?"

ಅದು ಪ್ರಶ್ನೆಯಾಗಿರಲಿಲ್ಲ, ಸಮಾಧಾನವಾಗಿತ್ತು. ತಮಗೆ ತಾವು ಹೇಳಿಕೊಂಡದ್ದು. ಹೌದು ಎಂದು ತಲೆಯಾಡಿಸಿದರೆ ಸಾಕಿತ್ತು. ತಲೆಯಾಡಿಸುವುದೇ ದೊಡ್ಡ ಉಪಕಾರವಾಗುತ್ತಿತ್ತೇನೋ ಕೂಡ. ಅವಳು ಎದುರಿನ ಗೋಡೆಯಲ್ಲಿ ತೂಗುಹಾಕಿದ್ದ ಮಿದುಳಿನ ಬಣ್ಣದ ಚಿತ್ರವನ್ನು ನೋಡಿದಳು. ತನ್ನದೇ ಪ್ರಯೋಗಾಲಯದಿಂದ ಕೊಟ್ಟದ್ದು. ಎರಡೂವರೆ ವರ್ಷವನ್ನು ನಾಲ್ಕರಿಂದ ಕಳೆದಳು. ಆ ಹನ್ನೊಂದನೆಯ ದಿನಕ್ಕೆ ಒಂದೂವರೆ ವರ್ಷ ಮೊದಲೇ ಅವಳಿಗೆ ಗೊತ್ತಿತ್ತು. ಆ ಒಂದು ತಿಂಗಳು ಇವರಿಬ್ಬರು ಒಂದೇ ಮನೆಯಲ್ಲಿ ಮಾತಿಲ್ಲದೆ ತಿರುಗುತ್ತಿದ್ದಾಗ ಅವಳು ಮುಂದಿನ ಚಿತ್ರ ಯಾವಾಗ ಬರುತ್ತದೆಂದು ಕ್ಯಾಲೆಂಡರ್ ನೋಡುತ್ತಿದ್ದಳು.

"ನನಗೆ ನಾಲ್ಕು ವರ್ಷದಿಂದ ಗೊತ್ತಿತ್ತಮ್ಮ" ಎಂದಳು.

ಮೇಷ್ಟ್ರ ಹೆಂಡತಿ ಅವಳ ಕಡೆ ತಿರುಗಿದರು. ಕೋಪ ಬರಲು ಇನ್ನೂ ಸಮಯ ಬೇಕಾಗಿತ್ತು. ಮೊದಲು ಮುಖದಲ್ಲಿ ಬಂದದ್ದು ಬರೀ ಲೆಕ್ಕ. ಅವರ ತುಟಿ ಅಲುಗುತ್ತಿತ್ತು, ಅವರೂ ಅದೇ ಕಳೆಯುವ ಲೆಕ್ಕ ಮಾಡುತ್ತಿದ್ದರು. "ನಾಲ್ಕು" ಎಂದರು. ನಿಯಮವಿತ್ತು, ಹೇಳುವ ಹಾಗಿರಲಿಲ್ಲ, ಹೇಳಿದ್ದರೂ ಔಷಧವಿರಲಿಲ್ಲ ಎಂದು ಅವಳ ಬಾಯಿತುದಿಗೆ ಬಂದ ವಾಕ್ಯಗಳೆಲ್ಲ ನಿಜವೇ ಆಗಿದ್ದವು, ಒಂದನ್ನೂ ಆಡಲಾಗಲಿಲ್ಲ.

"ಔಷಧ ಇಲ್ಲದೇ ಇದ್ರೆ ಇಲ್ಲ" ಎಂದರು ಮೇಷ್ಟ್ರ ಹೆಂಡತಿ, ಅವಳು ಆಡದ್ದನ್ನು ಕೇಳಿಸಿಕೊಂಡವರ ಹಾಗೆ. "ನನಗೊಂದು ಮಾತು ಹೇಳಿದ್ರೆ ಬೈತಿರಲಿಲ್ಲ. ಅಷ್ಟೇ. ಅಷ್ಟಾದರೂ ಆಗ್ತಿತ್ತಲ್ಲಮ್ಮ."

ಅವರ ದನಿ ಏರಲೇ ಇಲ್ಲ. ಕೈಯಲ್ಲಿದ್ದ ಕನ್ನಡಕದ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿದರು, ಚೀಲವನ್ನು ನೆಲದಿಂದೆತ್ತಿ ಇಬ್ಬರ ನಡುವಿನ ಕುರ್ಚಿಯ ಕೈಮೇಲೆ ಇಟ್ಟುಕೊಂಡರು. ಅವಳು ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ಕೂತಳು. ಇಪ್ಪತ್ತು ನಿಮಿಷ ಹಾಗೇ ಕಳೆಯಿತು. ಒಬ್ಬ ಮುದುಕ ಬಂದು ಶೌಚಾಲಯ ಎಲ್ಲಿ ಎಂದು ಕೇಳಿದ, ಇಬ್ಬರೂ ಒಟ್ಟಿಗೇ ಕೈ ತೋರಿಸಿದರು.

ಬಾಗಿಲು ತೆರೆದು ಮೇಷ್ಟ್ರು ಬಂದರು. ಹಿಂದಿನಿಂದ ಟೆಕ್ನಿಷಿಯನ್, "ಸರ್, ವಾಚು, ವಾಚು" ಎನ್ನುತ್ತ ಬಂದು ಕೈಗೆ ಕೊಟ್ಟು ಹೋದಳು. ಅಂಗಿಯ ಗುಂಡಿಗಳು ಮೇಲಿನಿಂದ ಕೆಳಗಿನವರೆಗೆ ಒಂದೊಂದು ಮನೆ ತಪ್ಪಿದ್ದವು. ಒಂದು ಕಡೆ ಅಂಚು ಗಲ್ಲ ಮುಟ್ಟುತ್ತಿತ್ತು. ಹೆಂಡತಿ ಅಭ್ಯಾಸಬಲದಿಂದ ಎದ್ದು ನಿಂತರು, ಅಭ್ಯಾಸಬಲದಿಂದಲೇ ದನಿ ಎತ್ತರಿಸಿದರು: "ರೀ, ಎಷ್ಟು ಸಲ ಬಾಯಿ ಬಡ್ಕೊಳ್ಳೋದು ನಿಮಗೆ, ಬಾಗಿಲಿಂದ ಈಚೆ ಬರೋವಾಗ ಒಂದು ಸಲ ಮೈ ಮೇಲೆ ನಿಗಾ..."

ನಿಂತಿತು. ವಾಕ್ಯದ ಮಧ್ಯದಲ್ಲಿ, ಎತ್ತಿದ ಕೈ ಅಂಗಿಯ ಮೇಲೆ ಇದ್ದ ಹಾಗೆಯೇ.

ಮೇಷ್ಟ್ರು ತಲೆ ಸ್ವಲ್ಪ ತಗ್ಗಿಸಿ ಕಾಯುತ್ತಿದ್ದರು, ಮುಂದಿನದು ಏನೆಂದು ಬಾಯಿಪಾಠ ಇದ್ದವರ ಹಾಗೆ. ಬರಲಿಲ್ಲ. ತಲೆ ಎತ್ತಿದರು. ಹೆಂಡತಿಯ ಮುಖ ನೋಡಿದರು, ಕುರ್ಚಿಯಲ್ಲಿದ್ದ ಅವಳನ್ನು ನೋಡಿದರು, ಮತ್ತೆ ಹೆಂಡತಿಯನ್ನು. ಯಂತ್ರ ಹತ್ತು ವರ್ಷ ತೆಗೆದುಕೊಂಡದ್ದನ್ನು ಅವರು ಅಷ್ಟರಲ್ಲೇ ಓದಿಕೊಂಡರು.

ಹೆಂಡತಿ ಮೇಲಿನ ಗುಂಡಿಯನ್ನು ಬಿಚ್ಚಿದರು. "ಗುಂಡಿ ತಪ್ಪಿದೆ" ಎಂದರು, ಮೊದಲ ಸಲ ಮನೆಗೆ ಬಂದ ಅಪರಿಚಿತರಿಗೆ ಹೇಳುವಷ್ಟು ಮೆತ್ತಗೆ. "ಏನೂ ಇಲ್ಲ. ಗುಂಡಿ ಒಂದು ತಪ್ಪಿದೆ ಅಷ್ಟೆ. ನಾನು ಹಾಕ್ತೀನಿ, ನಿಂತ್ಕೊಳ್ಳಿ."

"ಬೈಯೇ" ಎಂದರು ಮೇಷ್ಟ್ರು. "ಅರ್ಧಕ್ಕೆ ನಿಲ್ಲಿಸಬೇಡ ಕಣೇ, ಬೈ."

ಹೆಂಡತಿ ಎರಡನೆಯ ಗುಂಡಿಗೆ ಕೈ ಹಾಕಿದರು.